ದುಡಿಯುವವರಿಗೆ ಉಚಿತ ತೆರಿಗೆ ನೆರವು: ಕಡಿತವಾದ ಹಣ ಮರಳಿ ಕೈಸೇರುವ ದಾರಿ

(ಸ್ವಯಂಸೇವಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆದಾಯ ತೆರಿಗೆ ಸಿರಿವಂತರಿಗೆ ಮಾತ್ರ ಸಂಬಂಧಿಸಿದ್ದು ಎಂಬ ಭಾವನೆ ಗ್ರಾಮಾಂತರದಲ್ಲಿ ಆಳವಾಗಿ ಬೇರೂರಿದೆ. ತೆರಿಗೆ ಬೀಳುವಷ್ಟು ಆದಾಯ ದುಡಿಯುವವರಲ್ಲಿ ಬಹುಪಾಲು ಜನರಿಗೆ ಇಲ್ಲವೆಂಬುದು ನಿಜ. ಆದರೆ ತೆರಿಗೆ ಬೀಳದವರ ಹಣವೂ ತೆರಿಗೆಯ ಲೆಕ್ಕದಲ್ಲಿ ಕಡಿತವಾಗುತ್ತದೆ ಎಂಬುದು ಅಷ್ಟೇ ನಿಜ. ಮೂಲದಲ್ಲೇ ಆಗುವ ಕಡಿತ ಬೇರೆ, ಕಟ್ಟಬೇಕಾದ ತೆರಿಗೆ ಬೇರೆ. ಇವೆರಡರ ನಡುವಿನ ವ್ಯತ್ಯಾಸದ ಹಣ ದುಡಿದವನದೇ. ಆದರೂ ರಿಟರ್ನ್ ಸಲ್ಲಿಸದ ಹೊರತು ಅದು ಅವನಿಗೆ ಮರಳುವುದಿಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಕಚೇರಿಯೊಂದಕ್ಕೆ ಗುತ್ತಿಗೆಯ ಮೇಲೆ ವೃತ್ತಿಪರ ಸೇವೆ ಸಲ್ಲಿಸುವ ಎಂಜಿನಿಯರ್ ಒಬ್ಬರಿಗೆ ತಿಂಗಳಿಗೆ 25,000 ರೂಪಾಯಿ ಸಂಭಾವನೆ ಎಂದಿಟ್ಟುಕೊಂಡರೆ, ವರ್ಷಕ್ಕೆ 3,00,000 ರೂಪಾಯಿ ಆಗುತ್ತದೆ. ವೃತ್ತಿಪರ ಶುಲ್ಕದ ಮೇಲೆ ನೂರಕ್ಕೆ 10ರಂತೆ ಕಡಿತವಾಗುವ ಮೊತ್ತ 30,000 ರೂಪಾಯಿ. 2025-26ನೇ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಆ 30,000 ರೂಪಾಯಿಯೂ ಪೂರ್ತಿಯಾಗಿ ಮರಳಬೇಕಾದ ಹಣ. ಒಂದು ತಿಂಗಳ ದುಡಿಮೆಗಿಂತ ಹೆಚ್ಚಿನ ಮೊತ್ತ.

ಪ್ಯಾನ್ ಸರಿಯಿಲ್ಲದಿದ್ದರೆ ಪೆಟ್ಟು ಇನ್ನೂ ದೊಡ್ಡದು. ಚಾಲಕನೊಬ್ಬ ತನ್ನ ಸ್ವಂತ ಜೀಪನ್ನು ತಿಂಗಳಿಗೆ 30,000 ರೂಪಾಯಿಯಂತೆ ಕಚೇರಿಗೆ ಓಡಿಸಿದರೆ, ಗುತ್ತಿಗೆ ಹಣದಿಂದ ನೂರಕ್ಕೆ 1ರಂತೆ ವರ್ಷಕ್ಕೆ 3,600 ರೂಪಾಯಿ ಕಡಿತವಾಗುತ್ತದೆ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್‌ನೊಂದಿಗೆ ಜೋಡಣೆಯಾಗದೆ ಅದು ನಿಷ್ಕ್ರಿಯವಾಗಿದ್ದರೆ, ಕಡಿತ ನೂರಕ್ಕೆ 20ಕ್ಕೆ ಏರುತ್ತದೆ. ಅಂದರೆ 72,000 ರೂಪಾಯಿ. ಪ್ಯಾನ್ ಸಕ್ರಿಯವಾಗುವವರೆಗೆ ಮರುಪಾವತಿಯೂ ದೊರೆಯುವುದಿಲ್ಲ.

ಈ ಅರಿವಿನ ಕೊರತೆಯ ಲಾಭ ಪಡೆಯುವ ಮಧ್ಯವರ್ತಿಗಳೂ ಇದ್ದಾರೆ. ದೊಡ್ಡ ಮರುಪಾವತಿ ಕೊಡಿಸುವುದಾಗಿ ನಂಬಿಸಿ, ಬರುವ ಹಣದಲ್ಲಿ ಪಾಲು ಕೇಳುವುದು ಅವರ ಕ್ರಮ. ಕಟ್ಟದ ವಿಮೆ, ಕೊಡದ ಮನೆ ಬಾಡಿಗೆ, ನೀಡದ ದೇಣಿಗೆಗಳನ್ನು ರಿಟರ್ನ್‌ನಲ್ಲಿ ಬರೆಯುತ್ತಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂತಹ ಸುಳ್ಳು ವಿನಾಯಿತಿಗಳ ಬಗ್ಗೆ ದೇಶದ ಅನೇಕ ಕಡೆ ಪರಿಶೀಲನೆ ನಡೆಸಿತು. ನೋಟಿಸು ಬರುವುದು ಮಧ್ಯವರ್ತಿಗಲ್ಲ, ರಿಟರ್ನ್‌ನಲ್ಲಿ ಹೆಸರಿರುವ ದುಡಿಮೆಗಾರನಿಗೆ. ತಪ್ಪು ವರದಿಯಿಂದ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಲು ಕಾನೂನಿನಲ್ಲಿ ಅವಕಾಶವಿದೆ.

ಅಮೆರಿಕದಲ್ಲಿ ಇದೇ ಕೊರತೆಯನ್ನು ನೀಗಲು ಸ್ವಯಂಸೇವಕರ ತೆರಿಗೆ ನೆರವಿನ ವ್ಯವಸ್ಥೆ 50 ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ‘ವೀಟಾ’ ಎಂದು ಕರೆಯುವ ಈ ವ್ಯವಸ್ಥೆಯಡಿ ಗ್ರಂಥಾಲಯ, ಶಾಲೆ, ಸಮುದಾಯ ಭವನಗಳಲ್ಲಿ ಕಡಿಮೆ ವರಮಾನದವರ ರಿಟರ್ನ್‌ಗಳನ್ನು ಉಚಿತವಾಗಿ ಸಿದ್ಧಪಡಿಸಿಕೊಡಲಾಗುತ್ತದೆ. ಅದರ ಬಲವಿರುವುದು ಎರಡು ನಿಯಮಗಳಲ್ಲಿ: ರಿಟರ್ನ್ ಸಿದ್ಧಪಡಿಸುವವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಒಬ್ಬರು ಬರೆದುದನ್ನು ಮತ್ತೊಬ್ಬರು ಪರಿಶೀಲಿಸಬೇಕು. ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಸೌಲಭ್ಯವಿರುವ ಅರಿವು ಕೇಂದ್ರಗಳಲ್ಲಿ ಇದೇ ಶಿಸ್ತನ್ನು ಪಾಲಿಸಲು ಸಾಧ್ಯವಿದೆ. ವಾಣಿಜ್ಯ ವಿದ್ಯಾರ್ಥಿಗಳು, ನಿವೃತ್ತ ಬ್ಯಾಂಕ್ ನೌಕರರು ಹಾಗೂ ಲೆಕ್ಕ ಬಲ್ಲ ಶಿಕ್ಷಕರು ಇದಕ್ಕೆ ಯೋಗ್ಯರು. ಇಲಾಖೆಯ ಜಾಲತಾಣದಲ್ಲಿ ರಿಟರ್ನ್ ಸಲ್ಲಿಸಲು ಯಾವ ಶುಲ್ಕವೂ ಇಲ್ಲ.

ಸ್ವಯಂಸೇವಕರು ಅನುಸರಿಸಬೇಕಾದ ಕ್ರಮ ಹೀಗಿದೆ:

1. ಪ್ಯಾನ್-ಆಧಾರ್ ಜೋಡಣೆ ಆಗಿದೆಯೇ, ಬ್ಯಾಂಕ್ ಖಾತೆ ಜಾಲತಾಣದಲ್ಲಿ ದೃಢೀಕೃತವಾಗಿದೆಯೇ ಎಂದು ಮೊದಲು ನೋಡುವುದು.

2. ನಮೂನೆ 16 ಅಥವಾ 16ಎ ಪ್ರತಿಯನ್ನು 26ಎಎಸ್ ಮತ್ತು ವಾರ್ಷಿಕ ಮಾಹಿತಿ ವಿವರದೊಂದಿಗೆ ತಾಳೆ ನೋಡುವುದು.

3. ಸರಿಯಾದ ನಮೂನೆಯನ್ನು ಆರಿಸುವುದು. ಸಂಬಳದಾರರಿಗೆ ಸಾಮಾನ್ಯವಾಗಿ ‘ಸಹಜ್’ ಒದಗುತ್ತದೆ. ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡ ಸಣ್ಣ ಗುತ್ತಿಗೆದಾರರಿಗೆ ಮತ್ತು ವೃತ್ತಿಪರರಿಗೆ ‘ಸುಗಮ್’.

4. ಸಲ್ಲಿಸುವ ಮುನ್ನ ಪ್ರತಿ ಅಂಕಿಯನ್ನೂ ಸಂಬಂಧಪಟ್ಟವರಿಗೆ ಓದಿ ಹೇಳಿ ಅವರ ಒಪ್ಪಿಗೆ ಪಡೆಯುವುದು.

5. ಸಲ್ಲಿಸಿದ 30 ದಿನಗಳೊಳಗೆ ಇ-ಪರಿಶೀಲನೆ ಪೂರ್ಣಗೊಳಿಸುವುದು. ಇದು ಆಗದಿದ್ದರೆ ರಿಟರ್ನ್ ಊರ್ಜಿತವಾಗದು.

ಸಂಬಳದಾರರಿಗೆ ಸಾಮಾನ್ಯ ಗಡುವು ಜುಲೈ 31. ಅದು ತಪ್ಪಿದರೂ ಡಿಸೆಂಬರ್ 31ರವರೆಗೆ ವಿಳಂಬಿತ ರಿಟರ್ನ್ ಸಲ್ಲಿಸಬಹುದು. ಅದೂ ಮೀರಿದಲ್ಲಿ, ಕರ ನಿರ್ಧಾರಣ ವರ್ಷ ಮುಗಿದ 5 ವರ್ಷಗಳೊಳಗೆ ಸೂಕ್ತ ಕಾರಣ ತೋರಿಸಿ ವಿಳಂಬ ಮನ್ನಾಕ್ಕೆ ಅರ್ಜಿ ಸಲ್ಲಿಸಿ ಮರುಪಾವತಿ ಕೋರಲು ಅವಕಾಶವಿದೆ. ಆದುದರಿಂದ ಹಳೆಯ ವರ್ಷದ ಹಣ ಮುಳುಗಿಹೋಯಿತೆಂದು ಯಾರನ್ನೂ ಬರಿಗೈಯಲ್ಲಿ ಹಿಂದಿರುಗಿಸಬಾರದು.

ನೆರವಿಗೆ ಮಿತಿಯೂ ಉಂಟು. ಸ್ವಯಂಸೇವಕರು ಯಾರ ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳಬಾರದು. ಒಟಿಪಿಯನ್ನು ಸಂಬಂಧಪಟ್ಟವರೇ ನಮೂದಿಸಬೇಕು. ತಮ್ಮ ಮೊಬೈಲ್ ಸಂಖ್ಯೆಯನ್ನಾಗಲಿ ಖಾತೆ ಸಂಖ್ಯೆಯನ್ನಾಗಲಿ ಸೇರಿಸಬಾರದು. ದಾಖಲೆಯಿಲ್ಲದ ಯಾವ ವಿನಾಯಿತಿಯನ್ನೂ ಬರೆಯಬಾರದು. ಜಮೀನು ಮಾರಾಟ, ಷೇರು ವ್ಯವಹಾರದಂತಹ ಜಟಿಲ ಪ್ರಕರಣಗಳನ್ನು ಲೆಕ್ಕ ಪರಿಶೋಧಕರಿಗೇ ಬಿಡುವುದು ಕ್ಷೇಮ.

ಕೊನೆಯ ಮಾತು ಕಚೇರಿಗಳಿಗೆ ಸಂಬಂಧಿಸಿದ್ದು. ಬಿಲ್ಲಿನಿಂದ ತೆರಿಗೆ ಕಡಿತ ಮಾಡುವ ಕಚೇರಿ ಅನೇಕ ವೇಳೆ ಪಂಚಾಯಿತಿಯೇ ಆಗಿರುತ್ತದೆ. ಕಡಿತ ಮಾಡಿದ ಹಣವನ್ನು ಸಕಾಲದಲ್ಲಿ ಜಮಾ ಮಾಡಿ, ಸರಿಯಾದ ಪ್ಯಾನ್ ನಮೂದಿಸಿ, ತ್ರೈಮಾಸಿಕ ವಿವರ ಸಲ್ಲಿಸದಿದ್ದರೆ ದುಡಿದವನ ಹೆಸರಿಗೆ ಆ ಹಣ ಏರುವುದೇ ಇಲ್ಲ. ಆಗ ಯಾವ ಸ್ವಯಂಸೇವಕನೂ ಅದನ್ನು ಕೊಡಿಸಲಾರ. ಪ್ರತಿಯೊಬ್ಬರಿಗೂ ಕಡಿತದ ಪ್ರಮಾಣಪತ್ರವನ್ನು ಕೇಳುವ ಮೊದಲೇ ಕೊಡುವ ಕಚೇರಿಯಿಂದಲೇ ಈ ಉಚಿತ ನೆರವು ಆರಂಭವಾಗಬೇಕು. ದುಡಿಮೆಯ ಹಣ ದುಡಿದವರ ಕೈಸೇರಲಿ.