ಹಸುವಿನ ಹಿಂಡಿಗೂ ಜೇನುನೊಣಕ್ಕೂ ಇರುವ ನಂಟು
(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಾಲಿನ ಸಂಘದ ಸಭೆಯಲ್ಲಿ ಜೇನುನೊಣದ ಮಾತೇಕೆ ಎಂದು ತಾವು ಕೇಳಬಹುದು. ತಮ್ಮ ಹಸು ತಿನ್ನುವ ಸೂರ್ಯಕಾಂತಿ ಹಿಂಡಿಯಿಂದಲೇ ಆರಂಭಿಸೋಣ.

ಮುಸುಕಿನ ಜೋಳದ ಪರಾಗವನ್ನು ಗಾಳಿಯೇ ಹೊತ್ತು ತರುತ್ತದೆ. ನೇಪಿಯರ್ ಹುಲ್ಲನ್ನು ಕಡ್ಡಿಯಿಂದ ನಾಟಿ ಮಾಡುತ್ತೇವೆ. ಸೂರ್ಯಕಾಂತಿಯದು ಹಾಗಲ್ಲ. ಅದರ ಪರಾಗ ಭಾರ, ಮೇಲಾಗಿ ಅಂಟು. ನೊಣ ಬಾರದಿದ್ದರೆ ತೆನೆ ಎಷ್ಟೇ ದೊಡ್ಡದಿರಲಿ, ಕಾಳು ಜೊಳ್ಳು. ಜೊಳ್ಳಿನಲ್ಲಿ ಎಣ್ಣೆಯೂ ಇಲ್ಲ, ಹಿಂಡಿಯೂ ಇಲ್ಲ. ಹೂ ಬಿಟ್ಟಾಗ ಬೆಳಿಗ್ಗೆ 8 ರಿಂದ 11 ಗಂಟೆಯೊಳಗೆ ತೆಳು ಬಟ್ಟೆಯಿಂದ ತೆನೆ ಸವರಬೇಕೆಂದು ಕೃಷಿ ತಜ್ಞರು ಹೇಳುವುದು ಇದಕ್ಕೇ. ದಿನ ಬಿಟ್ಟು ದಿನ ಆ ಕೂಲಿ ತೆರುವುದಕ್ಕಿಂತ ಎಕರೆಗೆ ಎರಡು ಜೇನು ಪೆಟ್ಟಿಗೆ ಇಡಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು. ಮೇವಿಗೆ ಕೊಯ್ಯುವವರಿಗೆ ನೊಣ ಬೇಕಿಲ್ಲ, ಬೀಜ ಮಾಡುವವರಿಗೆ ಬೇಕು. ಇದರ ಹೂವಿನ ಕೇಸರಗಳು ಎಸಳಿನೊಳಗೆ ಸ್ಪ್ರಿಂಗಿನಂತೆ ಅದುಮಿಕೊಂಡಿರುತ್ತವೆ. ನೊಣ ಕುಳಿತ ಭಾರಕ್ಕೆ ಫಟ್ಟೆಂದು ಚಿಮ್ಮಿ ಅದರ ತಲೆಗೆ ಬಡಿಯುತ್ತವೆ. ಜೇನುನೊಣ ಜಾಣ, ಪೆಟ್ಟು ತಪ್ಪಿಸಿಕೊಂಡು ಪಕ್ಕದಿಂದ ಮಕರಂದ ಕದಿಯುವುದನ್ನು ಕಲಿಯುತ್ತದೆ! ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ಒಯ್ಯುವ ಒಂಟಿ ದುಂಬಿ ಮಾತ್ರ ಪೆಟ್ಟಿಗೆ ಅಂಜುವುದಿಲ್ಲ. ಒಣ ಮರದ ತೂತು, ಪೊಳ್ಳು ಕಡ್ಡಿಗಳೇ ಅದರ ಮನೆ. ಬದುವಿನ ಕಡ್ಡಿಕಸಕ್ಕೆಲ್ಲ ಬೆಂಕಿ ಇಡುವಾಗ ಇದನ್ನು ನೆನೆಯಿರಿ.

1991-92 ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜಾಣು ರೋಗ ಬಂದು ಕೊಡಗು ಮೊದಲಾದ ಕಡೆ ತುಡುವೆ ಜೇನಿನ ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಪೆಟ್ಟಿಗೆಗಳು ಬರಿದಾದವು. ಆ ರೋಗ ರೈತನ ಕೈಮೀರಿದ್ದು. ಔಷಧಿ ಸಿಂಪರಣೆ ಹಾಗಲ್ಲ. ಹೂ ಅರಳಿರುವಾಗ ಸಿಂಪಡಿಸಬೇಡಿ. ಅನಿವಾರ್ಯವಾದರೆ ಸೂರ್ಯ ಮುಳುಗಿದ ಮೇಲೆ ಸಿಂಪಡಿಸಿ, ಹಿಂದಿನ ದಿನವೇ ನೆರೆಯ ಪೆಟ್ಟಿಗೆಯವರಿಗೆ ತಿಳಿಸಿ. ಔಷಧಿ ಬಿದ್ದ ಬದುವಿನ ಹುಲ್ಲನ್ನು ಹಸುವಿಗೂ ಕೊಯ್ಯಬಾರದು.

ಬೇಸಿಗೆಯಲ್ಲಿ ನೊಣಗಳು ಕೊಟ್ಟಿಗೆಯ ನೀರಿನ ತೊಟ್ಟಿಗೆ ಬರುತ್ತವೆ. ಓಡಿಸಬೇಡಿ, ಬೇರೊಂದು ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ. ಪೆಟ್ಟಿಗೆಯನ್ನು ಮಾತ್ರ ದನ ಕಟ್ಟುವ ಜಾಗದಿಂದ ದೂರವಿಡಿ. ನೊಣ ಕೆರಳಿದರೆ ನಾವು ಓಡಬಹುದು, ಗೂಟದ ಹಸು ಓಡಲಾರದು.