ಎರಡನೆಯ ಪ್ರಶ್ನೆ

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಕಿರ್ದಿ ಖಾತೆ ಬರೆಯಬಲ್ಲ ವರ್ತಕರು ಹಲವರಿದ್ದೀರಿ. ಪಾಲುದಾರನೊಬ್ಬ ವರ್ಷದ ಕೊನೆಗೆ ಬಂದು “ಇಷ್ಟು ನಷ್ಟವಾಗಿದೆ” ಎಂದು ಒಂದು ಚೀಟಿ ಕೈಗಿಟ್ಟರೆ ನೀವು ಸುಮ್ಮನಿರುವುದಿಲ್ಲ. “ಯಾವ ಬಾಬ್ತಿನಲ್ಲಿ? ಯಾರ ಮಾತು ಕೇಳಿ ಸರಕು ಕೊಂಡೆ?” ಎನ್ನುತ್ತೀರಿ. ಗಿರಣಿಯ ಸಂಗಾತಿಗಳೂ ಅಷ್ಟೆ. ಪಗಾರದಲ್ಲಿ ಕಡಿತ ಕಂಡಾಗ ಗುಮಾಸ್ತ “ಮೇಲಿನ ಹುಕುಂ” ಎಂದ ಮಾತ್ರಕ್ಕೆ ಅವರು ಕಿಟಕಿ ಬಿಟ್ಟು ಹೋಗುವುದಿಲ್ಲ. “ಯಾರ ಹುಕುಂ? ಕಾಗದ ತೋರಿಸಿ” ಎನ್ನುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. ನಿಜ ಹೊರಬೀಳುವುದು ಎರಡನೆಯ ಪ್ರಶ್ನೆಗೆ. ಪಾರ್ಲಿಮೆಂಟಿನಲ್ಲಿ ಮಂತ್ರಿಗಳನ್ನು ಪ್ರಶ್ನಿಸುವ ಹಕ್ಕಿನ ತಿರುಳೂ ಇದೇ ಎಂಬುದನ್ನು ನಿಮ್ಮ ಮುಂದಿಡಲು ಈ ದಿನ ನಾವು ಬಂದಿದ್ದೇವೆ.

ಈ ಹಕ್ಕು ಯಾರೂ ಕರೆದು ಕೊಟ್ಟದ್ದಲ್ಲ. ನಮ್ಮ ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಕೂಡಿತು. ರೈತರ ಮತ್ತು ವರ್ತಕರ ಪ್ರತಿನಿಧಿಗಳು ಅಲ್ಲಿ ದಿವಾನರ ಮುಂದೆ ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಕೇಳಿದ್ದನ್ನು ನಡೆಸಲೇಬೇಕೆಂಬ ಕಟ್ಟು ಸರ್ಕಾರಕ್ಕಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1892ರ ಕಾಯಿದೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟಿತು. ಆದರೆ ಉತ್ತರ ಬಂದ ಮೇಲೆ ಬಾಯಿ ಮುಚ್ಚಬೇಕು, ಉಪಪ್ರಶ್ನೆ ಕೂಡದು. 1909ರಲ್ಲಿ ಪ್ರಶ್ನೆ ಕೇಳಿದವನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಬಂತು. 1919ರ ಸುಧಾರಣೆಗಳಾದ ಮೇಲೆ ಅದು ಇತರ ಸದಸ್ಯರಿಗೂ ದೊರೆಯಿತು. ಮೊದಲನೆಯ ಪ್ರಶ್ನೆಯಿಂದ ಎರಡನೆಯ ಪ್ರಶ್ನೆಗೆ ಬರಲು 17 ವರ್ಷ ಹಿಡಿಯಿತು. ಪರಕೀಯ ಸರ್ಕಾರ ಯಾವುದಕ್ಕೆ ಹೆದರುತ್ತಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ಇಂದಿನ ಏರ್ಪಾಡು ಹೀಗಿದೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗಿನ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಸದಸ್ಯರು ಸಾಮಾನ್ಯವಾಗಿ 15 ದಿನ ಮುಂಚೆ ನೋಟೀಸು ಕೊಡಬೇಕು. ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು ಹಾಕುತ್ತಾರೆ. ಇವಕ್ಕೆ ಮಂತ್ರಿಗಳು ಎದ್ದುನಿಂತು ಬಾಯಿಂದಲೇ ಉತ್ತರ ಹೇಳಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆಯಿಲ್ಲದ 230 ಪ್ರಶ್ನೆಗಳಿಗೆ ಬರವಣಿಗೆಯ ಉತ್ತರ ಬರುತ್ತದೆ. ಅಲ್ಲಿ ಉಪಪ್ರಶ್ನೆ ಇಲ್ಲ. ಬರೆದ ಉತ್ತರವನ್ನು ಕಚೇರಿಯ ಅಧಿಕಾರಿ ತಯಾರಿಸಬಹುದು. ಆದರೆ ಎದ್ದುನಿಂತ ಮಂತ್ರಿಗೆ ತನ್ನ ಇಲಾಖೆ ತನಗೇ ತಿಳಿದಿರಬೇಕು.

ಒಂದು ನಿದರ್ಶನ ನೋಡೋಣ. 1956ರಲ್ಲಿ ವಿಮಾ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿ ಜೀವ ವಿಮಾ ನಿಗಮವನ್ನು ಸ್ಥಾಪಿಸಿದರು. ಬಡವರು ಹೊಟ್ಟೆ ಕಟ್ಟಿ ಉಳಿಸಿದ ಕಂತಿನ ಹಣ ಅದು. ಮರು ವರ್ಷವೇ ಆ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಹಿಡಿತದಲ್ಲಿದ್ದ 6 ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡಿತು. ಕಾನಪುರದ ಗಿರಣಿಗಳನ್ನು ನಡೆಸುತ್ತಿದ್ದ ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಅವುಗಳಲ್ಲೊಂದು. 1957ರ ಸೆಪ್ಟೆಂಬರಿನಲ್ಲಿ ರಾಮ್ ಸುಭಗ್ ಸಿಂಗ್ ಅವರು ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಿದರು. ಸರ್ಕಾರದ ಉತ್ತರ ಜಾರಿಕೊಳ್ಳುವಂತಹುದು. ಆದರೆ ಕೇಳಿದವರು ಬಿಡಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ದಾಖಲೆಗಳನ್ನು ಹಿಡಿದುಕೊಂಡೇ ಮಾತನಾಡಿದರು. ನ್ಯಾಯಮೂರ್ತಿ ಚಾಗ್ಲಾ ಅವರ ತನಿಖೆ ಬಹಿರಂಗವಾಗಿ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಡಬೇಕಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಕೇಳಿದವರಿಬ್ಬರೂ ಆಳುವ ಪಕ್ಷದವರು. ಫಿರೋಜರಂತೂ ಪ್ರಧಾನಿಯ ಅಳಿಯಂದಿರು. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಚಾಳಿ ಎಂದು ಇಂದು ಯಾರಾದರೂ ಮೂಗು ಮುರಿದರೆ ಅವರಿಗೆ ಈ ಕಥೆ ಹೇಳಿ. ಪ್ರಶ್ನೆ ಕೇಳುವ ಕರ್ತವ್ಯ ಸಭೆಗೆಲ್ಲ ಸೇರಿದ್ದು, ಒಂದು ಪಕ್ಷಕ್ಕಲ್ಲ.

ಇನ್ನು ವಿದೇಶಾಂಗದ ವಿಷಯ. “ಅದು ದೊಡ್ಡವರ ಮಾತು, ನಮಗೇಕೆ?” ಎಂದು ಕೆಲವರು ಕೇಳುತ್ತೀರಿ. ಹೊರದೇಶದ ನೂಲು ಯಾವ ಸುಂಕಕ್ಕೆ ಒಳಬರುತ್ತದೆ, ಎಣ್ಣೆ ಯಾವ ದೇಶದಿಂದ ಬರುತ್ತದೆ ಎಂಬುದು ನಿಮ್ಮ ಮಗ್ಗವನ್ನೂ ಅಂಗಡಿಯನ್ನೂ ಮುಟ್ಟುವ ವಿಷಯ. ಆದರೆ ಸರ್ಕಾರ ಹೊರದೇಶದೊಡನೆ ಒಪ್ಪಂದಕ್ಕೆ ಸಹಿ ಹಾಕಲು ಪಾರ್ಲಿಮೆಂಟಿನ ಮುಂಚಿತವಾದ ಒಪ್ಪಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬೇಕಿಲ್ಲ. ನೆಲ ಬಿಟ್ಟುಕೊಡುವಾಗ ಅಥವಾ ಕಾನೂನು ಬದಲಿಸುವಾಗ ಮಾತ್ರ ಸಭೆಗೆ ಬರಬೇಕು. ಹೀಗಿರುವಾಗ ಸಭೆಯ ಕೈಯಲ್ಲಿ ಉಳಿಯುವ ದೊಡ್ಡ ಅಸ್ತ್ರವೆಂದರೆ ಪ್ರಶ್ನೆಯೇ.

ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಹಾಕಿದ ಸುದ್ದಿ 1957ರಲ್ಲಿಯೇ ಚೀನದ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಸರ್ಕಾರ 1958ರ ಅಕ್ಟೋಬರಿನಲ್ಲಿ ಪ್ರತಿಭಟನೆಯ ಪತ್ರ ಕೊಟ್ಟಿತು. ಆದರೆ ಪಾರ್ಲಿಮೆಂಟಿಗೆ ಇದು ತಿಳಿದದ್ದು 1959ರ ಆಗಸ್ಟ್ ಕೊನೆಯಲ್ಲಿ, ಲಾಂಗ್‌ಜುವಿನಲ್ಲಿ ಗುಂಡು ಹಾರಿದ ಮೇಲೆ. ಪ್ರಧಾನಿಯಾಗಿಯೂ ವಿದೇಶಾಂಗ ಮಂತ್ರಿಯಾಗಿಯೂ ಇದ್ದ ನೆಹರೂ ಅವರನ್ನು ಸದಸ್ಯರು ಪಟ್ಟುಹಿಡಿದು ಕೇಳಿದರು. ಸೆಪ್ಟೆಂಬರ್ 7ರಂದು ಎರಡು ಸರ್ಕಾರಗಳ ಪತ್ರವ್ಯವಹಾರದ ಶ್ವೇತಪತ್ರವನ್ನು ಸಭೆಯ ಮುಂದಿಡಲಾಯಿತು. ನೆಹರೂ ಸಭೆಯಿಂದ ತಪ್ಪಿಸಿಕೊಂಡು ಓಡಲಿಲ್ಲ, ಕುಳಿತು ಕೇಳಿದರು, ಎದ್ದು ಉತ್ತರಿಸಿದರು. ಇದನ್ನು ಒಪ್ಪದಿದ್ದರೆ ನಾವು ನ್ಯಾಯವಂತರಲ್ಲ. ಪತ್ರಗಳನ್ನೆಲ್ಲ ಬಯಲಿಗೆ ತಂದದ್ದರಿಂದ ಮಾತುಕತೆಗೆ ತೊಡಕಾಯಿತು ಎಂದು ವಾದಿಸುವವರೂ ಇದ್ದಾರೆ. ಆದರೆ ಗಡಿಯ ನಿಜವನ್ನು ಜನರಿಂದ ವರ್ಷಗಟ್ಟಲೆ ಮುಚ್ಚಿಟ್ಟು, ಕೊನೆಗೆ ಯುದ್ಧದ ದಿನ ಅದೇ ಜನರಿಂದ ಚಿನ್ನವನ್ನೂ ಮಕ್ಕಳನ್ನೂ ಕೇಳುವುದು ಎಲ್ಲಿಯ ನೀತಿ?

1962ರ ಅಕ್ಟೋಬರ್ 20ರಂದು ಯುದ್ಧ ಬಂತು. ಗಡಿಯಲ್ಲಿ ಕಾದಾಟ ನಡೆಯುತ್ತಿರುವಾಗಲೇ ನವೆಂಬರ್ 8ರಂದು ಪಾರ್ಲಿಮೆಂಟು ಕೂಡಿತು. ಪ್ರಶ್ನೋತ್ತರವನ್ನು ಕೈಬಿಟ್ಟರೂ ಸದಸ್ಯರು ದಿನಗಟ್ಟಲೆ ಸರ್ಕಾರವನ್ನು ಟೀಕಿಸಿ ಮಾತನಾಡಿದರು. ಮರು ವರ್ಷ ಡಾ. ಲೋಹಿಯಾ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಾರೆ ಎಂದರು. ಪ್ರಧಾನಿ 15 ಆಣೆ ಎಂದರು. ಯೋಜನಾ ಮಂತ್ರಿ ನಂದಾ ಏಳೂವರೆ ಆಣೆ ಎಂದರು. ಒಂದೇ ಸರ್ಕಾರದ ಬಾಯಲ್ಲಿ ಎರಡು ಲೆಕ್ಕ! ಯಾರ ಲೆಕ್ಕ ಸರಿ ಎಂಬುದು ಹಾಗಿರಲಿ. ಬಡವನ ದಿನದ ಸಂಪಾದನೆ ಎಷ್ಟೆಂಬುದು ಪಾರ್ಲಿಮೆಂಟಿನ ಪ್ರಶ್ನೆಯಾಯಿತು, ಸರ್ಕಾರ ಲೆಕ್ಕ ಹೇಳಲೇಬೇಕಾಯಿತು.

ಈಗ ಹತ್ತಿರದ ಕಾಲಕ್ಕೆ ಬರೋಣ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಗಿರಣಿಯವರು, ಗಾರೆ ಕೆಲಸದವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೂರಾರು ಮೈಲಿ ನಡೆದರು. ಆ ಸೆಪ್ಟೆಂಬರಿನ ಅಧಿವೇಶನದಲ್ಲಿ ಸಾಂಕ್ರಾಮಿಕದ ಕಾರಣ ಹೇಳಿ ಪ್ರಶ್ನೋತ್ತರದ ಗಂಟೆಯನ್ನೇ ತೆಗೆದರು. ಬರವಣಿಗೆಯ ಉತ್ತರ ಮಾತ್ರ ಉಳಿಯಿತು. ವಲಸೆ ಕಾರ್ಮಿಕರು ಎಷ್ಟು ಮಂದಿ ಸತ್ತರು ಎಂಬ ಪ್ರಶ್ನೆಗೆ ಸೆಪ್ಟೆಂಬರ್ 14ರಂದು ಕಾರ್ಮಿಕ ಇಲಾಖೆಯ ಉತ್ತರ ಬಂತು: ಅಂತಹ ಲೆಕ್ಕ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆಯೇ ಬರುವುದಿಲ್ಲ. ಊರಿಗೆ ಮರಳಿದವರು 1 ಕೋಟಿಗೂ ಹೆಚ್ಚು ಎಂಬ ಲೆಕ್ಕ ಮಾತ್ರ ಇತ್ತು!

ಅದೇ ವಾರ ರಾಜ್ಯಸಭೆಯಲ್ಲಿ ರೈಲ್ವೆ ಇಲಾಖೆ, ಶ್ರಮಿಕ್ ರೈಲುಗಳಲ್ಲಿ ಸತ್ತವರು 97 ಮಂದಿ ಎಂದು ತಿಳಿಸಿತು. ಒಂದು ಇಲಾಖೆಯಲ್ಲಿ ಲೆಕ್ಕವಿಲ್ಲ, ಇನ್ನೊಂದರಲ್ಲಿ ಇಷ್ಟಾದರೂ ಇದೆ. ಮಂತ್ರಿ ಎದ್ದುನಿಂತು ಉತ್ತರಿಸಬೇಕಾಗಿದ್ದರೆ “ಲೆಕ್ಕ ಏಕೆ ಇಡಲಿಲ್ಲ? ಯಾವ ರಾಜ್ಯಕ್ಕೆ ಬರೆದು ಕೇಳಿದಿರಿ?” ಎಂದು ಯಾರಾದರೂ ಕೇಳುತ್ತಿದ್ದರು. ಕೇಳಲು ಗಂಟೆಯೇ ಇರಲಿಲ್ಲ. ತುರ್ತು ಪರಿಸ್ಥಿತಿಯ 1975ರಲ್ಲಿಯೂ ಪ್ರಶ್ನೋತ್ತರ ನಿಂತಿತ್ತು. ಕಷ್ಟಕಾಲ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಈ ಗಂಟೆಗೆ. ಆದರೆ ಈ ಗಂಟೆ ಹೆಚ್ಚು ಬೇಕಾಗುವುದೂ ಕಷ್ಟಕಾಲದಲ್ಲಿಯೇ.

ತಪ್ಪೆಲ್ಲ ಮಂತ್ರಿಗಳದೇ ಎಂದು ನಾವು ಹೇಳುವುದಿಲ್ಲ. 2005ರ ಡಿಸೆಂಬರಿನಲ್ಲಿ ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕಾಗಿ 11 ಸದಸ್ಯರನ್ನು ಪಾರ್ಲಿಮೆಂಟಿನಿಂದ ಹೊರಹಾಕಲಾಯಿತು. ಪ್ರಶ್ನೆಯನ್ನು ಮಾರಿಕೊಂಡವನು ನಿಮ್ಮ ನಾಲಗೆಯನ್ನೇ ಮಾರಿಕೊಂಡಂತೆ. ಗದ್ದಲವೆಬ್ಬಿಸಿ ಆ ಗಂಟೆಯನ್ನು ಕಳೆಯುವವರು ಯಾವ ಪಕ್ಷದವರಾದರೂ, ಉತ್ತರ ಹೇಳಲಾರದ ಮಂತ್ರಿಗೆ ಉಪಕಾರವನ್ನೇ ಮಾಡುತ್ತಾರೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಸದಸ್ಯರು ಊರಿಗೆ ಬಂದಾಗ ಹಾರ ಹಾಕಿ ಕಳುಹಿಸಿದರೆ ಸಾಲದು. ಭವಿಷ್ಯನಿಧಿಯ ಬಾಕಿ ಎಷ್ಟು, ಮುಚ್ಚಿದ ಗಿರಣಿಯ ಜಮೀನು ಯಾರ ಕೈ ಸೇರಿತು, ನೂಲಿನ ಸುಂಕ ಯಾವ ಒಪ್ಪಂದದಿಂದ ಇಳಿಯಿತು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ. ದೆಹಲಿಗೆ ಸೇರಿದ್ದನ್ನು ಲೋಕಸಭೆಯ ಸದಸ್ಯರಿಗೆ, ರಾಜ್ಯಕ್ಕೆ ಸೇರಿದ್ದನ್ನು ಶಾಸಕರಿಗೆ ಕೊಡಿ. “ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿ” ಎನ್ನಿ. ಉತ್ತರ ಬಂದಾಗ ತರಿಸಿಕೊಂಡು ಈ ವಾಚನಾಲಯದಲ್ಲಿ ಗಟ್ಟಿಯಾಗಿ ಓದಿಸಿ. ಓದಿ ಮುಗಿದ ಮೇಲೆ ಚಪ್ಪಾಳೆ ಬೇಡ. ಯಾರಾದರೊಬ್ಬರು ಎದ್ದು ಎರಡನೆಯ ಪ್ರಶ್ನೆ ಕೇಳಿ.