ಶಿಶುವಿನ ಮೊದಲ ಉಸಿರು



ಗರ್ಭಸ್ಥ ಶಿಶುವಿನ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಮೊದಲ ಉಸಿರಿನೊಡನೆ ಅವು ಸಡಿಲವಾಗಬೇಕು. ಕೆಲವು ಶಿಶುಗಳಲ್ಲಿ ಹಾಗಾಗದೆ, ಪ್ರಾಣವಾಯುವಿನ ಕೊರತೆಯಿಂದ ರಕ್ತದ ಆಮ್ಲತೆ ಏರುತ್ತದೆ. ಆ ಆಮ್ಲತೆಯೇ ನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಈ ವಿಷವರ್ತುಲವನ್ನು ಮುರಿಯಲು ವೈದ್ಯರು ನೈಟ್ರಿಕ್ ಆಕ್ಸೈಡ್ ಅನಿಲವನ್ನು, ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 20 ಭಾಗದಷ್ಟು ಬೆರೆಸಿ, ಉಸಿರಿನೊಡನೆ ಕೊಡುತ್ತಾರೆ. ಅದು ಶ್ವಾಸಕೋಶದ ನಾಳಗಳನ್ನು ಸಡಿಲಿಸಿ, ರಕ್ತವನ್ನು ಸೇರಿದೊಡನೆ ಶಕ್ತಿಗುಂದುತ್ತದೆ. 1997ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಪರೀಕ್ಷೆಯಲ್ಲಿ, ಮರಣಕ್ಕೀಡಾದ ಅಥವಾ ದೇಹದ ಹೊರಗೆ ರಕ್ತಕ್ಕೆ ಪ್ರಾಣವಾಯು ಬೆರೆಸುವ ಯಂತ್ರವನ್ನು ಆಶ್ರಯಿಸಿದ ಶಿಶುಗಳು, ಅನಿಲವಿಲ್ಲದೆ ನೂರಕ್ಕೆ 64, ಅನಿಲದಿಂದ 46. ಇಳಿದುದು ಮುಖ್ಯವಾಗಿ ಯಂತ್ರದ ಅವಶ್ಯಕತೆ; ಮರಣವಲ್ಲ. ಆದುದರಿಂದ ಕೂಸಿನ ತುಟಿ, ನಾಲಗೆ ನೀಲಿಗಟ್ಟಿದರೆ ದೃಷ್ಟಿ ತೆಗೆಯುತ್ತ ಕೂರದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕೆಂದು ನಾವು ಬಿನ್ನವಿಸುತ್ತೇವೆ.